'ಬಾಯ್ಕಾಟ್' ಎಂಬ ಶಬ್ದವೂ ನಮ್ಮ 'ಬಹಿಷ್ಕಾರ'ವೂ

ಪತ್ರಿಕೆಯ ಒಂದೇ ಪುಟದಲ್ಲಿ 'ಬಹಿಷ್ಕಾರ'ವೆಂಬ ತಲೆಬರಹವು ಮೂರು ಕಡೆ ಕಾಣಿಸಿಕೊಳ್ಳುವದು ಈಗ ಅಪರೂಪವಲ್ಲ. ರಸ್ತೆಯಿಲ್ಲವೆಂದು ಒಂದು ಹಳ್ಳಿಯವರು ಮತದಾನವನ್ನು ಬಹಿಷ್ಕರಿಸುತ್ತಾರೆ. ನಟನೊಬ್ಬನ ಮಾತು ಹಿಡಿಸಲಿಲ್ಲವೆಂದು ಅವನ ಚಿತ್ರವನ್ನು ಬಹಿಷ್ಕರಿಸಿರೆಂಬ ಕೂಗು ಮೊಬಾಯಿಲಿನಿಂದ ಮೊಬಾಯಿಲಿಗೆ ಹಾರುತ್ತದೆ. ಇನ್ನೊಂದು ಹಳ್ಳಿಯಲ್ಲಿ, ದೇವಸ್ಥಾನದೊಳಗೆ ಕಾಲಿಟ್ಟ ದಲಿತರಿಗೆ ಕಿರಾಣಿ ಅಂಗಡಿಯ ಸಾಮಾನು, ಹೊಲದ ಕೂಲಿ, ಚಹದಂಗಡಿಯ ಚಹ, ಕ್ಷೌರ ಎಲ್ಲವೂ ಒಂದೇ ದಿನ ನಿಂತುಹೋಗುತ್ತವೆ, ಅದೂ ಬಹಿಷ್ಕಾರವೇ. ಮೂರಕ್ಕೂ ಶಬ್ದವೊಂದೇ, ಅಚ್ಚಿನ ಅಕ್ಷರದ ದಪ್ಪವೂ ಒಂದೇ. ಓದುವವರು ಮೂರನ್ನೂ ಒಂದೇ ಉಸುರಿನಲ್ಲಿ ಓದಿ ಪುಟ ತಿರುವುತ್ತಾರೆ.

ಮೊದಲನೆಯದರಲ್ಲಿ ಜನರು ತಮ್ಮ ಹಕ್ಕನ್ನು ತಾವೇ ಚಲಾಯಿಸದೆ ಬಿಡುತ್ತಾರೆ. ಎರಡನೆಯದರಲ್ಲಿ ತಮ್ಮ ದುಡ್ಡನ್ನು ತಮ್ಮ ಕಿಸೆಯಲ್ಲಿಯೇ ಇಟ್ಟುಕೊಳ್ಳುತ್ತಾರೆ. ಮೂರನೆಯದು ಕಾಯದೆಯ ದೃಷ್ಟಿಯಲ್ಲಿ ಅಪರಾಧ. ಇಷ್ಟು ಭಿನ್ನವಾದ ಕಾರ್ಯಗಳಿಗೆ ಒಂದೇ ಹೆಸರನ್ನಿಟ್ಟುಕೊಂಡ ಭಾಷೆಯು ಕೊನೆಗೆ ಅಪರಾಧಿಗೇ ನೆರವಾಗುವದೆಂಬದು ನಮ್ಮ ಅಭಿಪ್ರಾಯ. ಅದು ಹೇಗೆಂದು ತಿಳಿಯಬೇಕಾದರೆ, ಈ ಹಳೆಯ ಸಂಸ್ಕೃತ ಶಬ್ದವು ಯಾವ ಆಂಗ್ಲ ಶಬ್ದದ ಪ್ರತಿನಿಧಿಯಾಗಿ ನಮ್ಮ ರಾಜಕಾರಣದಲ್ಲಿ ಬಂದು ಕುಳಿತಿತೋ ಆ 'ಬಾಯ್ಕಾಟ್' ಶಬ್ದದ ಜನ್ಮವೃತ್ತಾಂತವನ್ನು ತುಸು ವಿಸ್ತಾರವಾಗಿಯೇ ನೋಡುವದು ಅವಶ್ಯ.

ಶಬ್ದಗಳ ಹುಟ್ಟಿದ ದಿನ ಸಾಮಾನ್ಯವಾಗಿ ಯಾರಿಗೂ ತಿಳಿಯದು. 'ನೀರು' ಎಂಬ ಶಬ್ದ ಎಂದು ಹುಟ್ಟಿತೆಂದು ಯಾವ ಪಂಡಿತನೂ ಹೇಳಲಾರ. ಆದರೆ 'ಬಾಯ್ಕಾಟ್' ಶಬ್ದಕ್ಕೆ ಊರಿದೆ, ಇಸವಿಯಿದೆ, ಹೆಸರಿಟ್ಟ ಪುರೋಹಿತನೂ ಇದ್ದಾನೆ. ಐರ್ಲಂಡದ ಪಶ್ಚಿಮಕ್ಕೆ ಮೇಯೋ ಎಂಬ ಪ್ರಾಂತ. ಅಲ್ಲಿ ಮಾಸ್ಕ್ ಎಂಬ ಸರೋವರದ ದಂಡೆಯ ಮೇಲೆ ಅರ್ನ್ ಎಂಬ ಸರದಾರನ ಜಮೀನು. ಸರದಾರನು ಇರುವದು ದೂರದಲ್ಲಿ. ಗೇಣಿ ವಸೂಲು ಮಾಡುವ ಕಾರಭಾರಿಯು ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್. ಇಂಗ್ಲಂಡದ ನಾರ್ಫೋಕ್ ಸೀಮೆಯಲ್ಲಿ 1832ರಲ್ಲಿ ಹುಟ್ಟಿದವನು. ಸ್ವಲ್ಪ ಕಾಲ ಸೈನ್ಯದಲ್ಲಿದ್ದುದರಿಂದ ಜನರು ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ರಾಕ್ಷಸನೇನೂ ಅಲ್ಲ. ಒಡೆಯನ ಹಣವನ್ನು ಚಾಚೂ ತಪ್ಪದೆ ವಸೂಲು ಮಾಡುವ, ಒಕ್ಕಲುಗಳ ಕಷ್ಟವು ತನ್ನ ಲೆಕ್ಕದ ಪುಸ್ತಕದೊಳಗಿನ ಬಾಬತ್ತಲ್ಲವೆಂದು ತಿಳಿದ ಮನುಷ್ಯ. ಇಂಥ ಕಾರಭಾರಿಗಳ ಪರಿಚಯ ನಮ್ಮ ವಾಚಕರ ಹಿರಿಯರಿಗೆ ಇಲ್ಲದೆ ಇರಲಿಕ್ಕಿಲ್ಲ.

1845ರಿಂದ 1849ರ ವರೆಗಿನ ಬಟಾಟೆಯ ಕ್ಷಾಮವನ್ನು ಐರಿಶ್ ಜನರು ಮರೆತಿರಲಿಲ್ಲ. 1879ರಲ್ಲಿ ಬೆಳೆ ಮತ್ತೆ ಕೆಟ್ಟಿತು. ಆ ವರ್ಷದ ಅಕ್ಟೋಬರದಲ್ಲಿ ಡಬ್ಲಿನ್ ಪಟ್ಟಣದಲ್ಲಿ ಭೂಸಂಘ ಸ್ಥಾಪನೆಯಾಯಿತು. ಅದರ ಅಧ್ಯಕ್ಷನು ಪಾರ್ನೆಲ್; ತಾನೇ ಜಮೀನದಾರನಾಗಿದ್ದರೂ ಒಕ್ಕಲುಗಳ ಪಕ್ಷ ಹಿಡಿದವನು. ಮರುವರ್ಷ ಅರ್ನ್ ಸರದಾರನ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ 25ರಷ್ಟು ಕಡಿತ ಬೇಡಿದರು. ಒಡೆಯನು 10ರಷ್ಟಕ್ಕೆ ಮಾತ್ರ ಒಪ್ಪಿದನು. ಒಪ್ಪಂದವಾಗಲಿಲ್ಲ. ಬಾಯ್ಕಾಟನು ಹೊಲ ಬಿಡಿಸುವ ನೋಟೀಸುಗಳನ್ನು ಹೊರಡಿಸಿದನು.

ಇದೇ ಸುಮಾರಿಗೆ, 1880ನೆಯ ಸಪ್ಟೆಂಬರ 19ರಂದು, ಎನ್ನಿಸ್ ಎಂಬ ಊರಿನ ಸಭೆಯಲ್ಲಿ ಪಾರ್ನೆಲ್ ಒಂದು ಪ್ರಶ್ನೆ ಕೇಳಿದನು: ನೆರೆಯವನನ್ನು ಹೊರದೂಡಿದ ಹೊಲವನ್ನು ಆಶೆಪಟ್ಟು ಗೇಣಿಗೆ ಹಿಡಿಯುವವನನ್ನು ಏನು ಮಾಡಬೇಕು? ಗುಂಪಿನಲ್ಲಿ ಯಾರೋ ಗುಂಡಿಕ್ಕಬೇಕೆಂದು ಕೂಗಿದರು. ಅದಕ್ಕಿಂತ ಧರ್ಮಸಮ್ಮತವಾದ ಬೇರೊಂದು ಮಾರ್ಗವಿದೆಯೆಂದು ಪಾರ್ನೆಲ್ ಹೇಳಿದನು. ದಾರಿಯಲ್ಲಿ, ಪೇಟೆಯಲ್ಲಿ, ಅಂಗಡಿಯಲ್ಲಿ, ಪ್ರಾರ್ಥನಾಮಂದಿರದಲ್ಲಿಯೂ ಅವನನ್ನು ಮಾತಾಡಿಸದೆ ಒಂಟಿಯಾಗಿ ಬಿಟ್ಟುಬಿಡಬೇಕು. ಹಿಂದಿನ ಕಾಲದ ಕುಷ್ಠರೋಗಿಯಂತೆ ದೂರವಿಡಬೇಕು. ವಾಚಕರು ಈ ಕೊನೆಯ ಉಪಮೆಯನ್ನು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ. ಗುಂಡಿನಿಂದ ಜನರನ್ನು ಹಿಂತಿರುಗಿಸಿದ ಉಪಾಯವು ನಿಶ್ಚಯವಾಗಿ ದೊಡ್ಡದು. ಆದರೆ ಅದನ್ನು ವಿವರಿಸಲು ಆ ಚತುರ ಮುತ್ಸದ್ದಿಗೂ ದೊರೆತದ್ದು, ಏನೂ ತಪ್ಪು ಮಾಡದೆ ಊರಾಚೆ ಬದುಕಬೇಕಾದ ನತದೃಷ್ಟನ ಚಿತ್ರ.

ಮೂರು ದಿನಗಳ ಮೇಲೆ ಬಾಯ್ಕಾಟನ ನೋಟೀಸು ಹಂಚಲು ಬಂದ ಜವಾನನಿಗೆ ಊರ ಹೆಂಗಸರೇ ಕೆಸರು ಗೊಬ್ಬರ ಎರಚಿ ಓಡಿಸಿದರು. ಅಂದಿನಿಂದ ಆಳುಗಳು ಕೆಲಸ ಬಿಟ್ಟರು. ಕಮ್ಮಾರನು ಕುದುರೆಗೆ ಲಾಳ ಕಟ್ಟಲೊಲ್ಲೆನೆಂದನು, ಮಡಿವಾಳಗಿತ್ತಿಯು ಬಟ್ಟೆ ಮುಟ್ಟಲಿಲ್ಲ, ಅಂಗಡಿಕಾರರು ಸಾಮಾನು ಕೊಡಲಿಲ್ಲ. ಹೊಲದಲ್ಲಿ ಬೆಳೆ ಕೊಳೆಯತೊಡಗಿತು. ಕ್ಯಾಪ್ಟನ್ನನು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ತನ್ನ ಗೋಳನ್ನು ಬರೆದನು. ಅಕ್ಟೋಬರದಲ್ಲಿ ಆ ಪತ್ರವು ಪ್ರಕಟವಾಗುತ್ತಲೇ ಉತ್ತರ ಐರ್ಲಂಡದಿಂದ 50 ಜನ ರಾಜನಿಷ್ಠ ಸ್ವಯಂಸೇವಕರು ಬೆಳೆ ತೆಗೆಯಲಿಕ್ಕೆ ಹೊರಟರು. ಅವರ ರಕ್ಷಣೆಗೆ ಸುಮಾರು ಒಂದು ಸಾವಿರ ಸೈನಿಕರೂ ಪೋಲೀಸರೂ! ಸುಮಾರು 500 ಪೌಂಡು ಬೆಲೆಯ ಬೆಳೆಯನ್ನು ಮನೆಗೆ ತರಲು ಸರಕಾರಕ್ಕೂ ಇತರರಿಗೂ ಆದ ವೆಚ್ಚ 10,000 ಪೌಂಡಿಗೆ ಕಡಿಮೆಯಿಲ್ಲವೆಂದು ಅಂದಾಜು. ಒಂದೊಂದು ಟರ್ನಿಪ್ ಗಡ್ಡೆ ಕೀಳಲು ಒಂದೊಂದು ಶಿಲ್ಲಿಂಗು ಬಿದ್ದಿತೆಂದು ಪಾರ್ನೆಲ್ ಹಾಸ್ಯ ಮಾಡಿದನು. ನವೆಂಬರ ಕೊನೆಗೆ ಬಾಯ್ಕಾಟನು ಸಂಸಾರಸಹಿತ ಊರು ಬಿಟ್ಟನು. ಬಾಡಿಗೆಯ ಗಾಡಿ ಹೊಡೆಯುವವರಾರೂ ಸಿಗದೆ ಸೈನ್ಯದ ರೋಗಿಗಳ ಗಾಡಿಯಲ್ಲಿ ಕುಳಿತು ಹೋಗಬೇಕಾಯಿತು.

ಇನ್ನು ನಾಮಕರಣದ ಸಂಗತಿ. ಜೇಮ್ಸ್ ರೆಡ್‌ಪಾತ್ ಎಂಬ ಅಮೇರಿಕದ ಪತ್ರಕರ್ತನು ಆಗ ಆ ಭಾಗದಲ್ಲಿ ಸಂಚರಿಸುತ್ತಿದ್ದನು. ತನ್ನ ದೇಶದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದವನು. ಸ್ಥಳೀಯ ಪಾದ್ರಿ ಜಾನ್ ಒ'ಮ್ಯಾಲಿಯ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವನು ತಾಟನ್ನು ಮುಟ್ಟದೆ ಯೋಚಿಸುತ್ತಿದ್ದನಂತೆ. ಏನೆಂದು ಪಾದ್ರಿ ಕೇಳಿದನು. ಒಂದು ಶಬ್ದ ಬೇಕಾಗಿದೆಯೆಂದು ಇವನು ಹೇಳಿದನು. ನೆರೆಯವನ ಹೊಲ ನುಂಗಿದವನನ್ನು ಜನರು ದೂರವಿಟ್ಟರೆ ಅದಕ್ಕೆ ಮತದಿಂದ ಹೊರಗೆ ಹಾಕುವದೆಂಬ ಅರ್ಥದ ಹಳೆಯ ಶಬ್ದವಿದೆ. ಆದರೆ ಜಮೀನದಾರನಿಗೆ ಅಥವಾ ಅವನ ಕಾರಭಾರಿಗೆ ಜನರು ಹೀಗೆ ಮಾಡಿದಾಗ ಪೂರ್ತಿ ಬೇರೆಯೇ ಒಂದು ಶಬ್ದ ಬೇಕು. ಗ್ರೀಕ್ ಮೂಲದ 'ಆಸ್ಟ್ರಸೈಜ್' ಎಂಬದು ರೈತರಿಗೆ ತಿಳಿಯದು. ಪಾದ್ರಿಯು ತುಸು ಹೊತ್ತು ಹಣೆ ತಟ್ಟಿಕೊಂಡು, 'ಬಾಯ್ಕಾಟ್ ಮಾಡುವದು' ಎಂದರೆ ಹೇಗೆ ಎಂದನು. ಇದು ರೆಡ್‌ಪಾತನೇ 1881ರ ತನ್ನ ಪುಸ್ತಕದಲ್ಲಿ ಹೇಳಿದ ಕಥೆ. ಕೆಲವೇ ವಾರಗಳಲ್ಲಿ ಶಬ್ದವು ಲಂಡನ್ ಪತ್ರಿಕೆಗಳಿಗೆ ಏರಿತು. ವ್ಯಕ್ತಿನಾಮದ ದೊಡ್ಡ ಅಕ್ಷರವನ್ನು ಕಳಚಿಕೊಂಡು ಸಾಮಾನ್ಯ ಕ್ರಿಯಾಪದವಾಯಿತು. ಮುಂದೆ ಫ್ರೆಂಚ್, ಜರ್ಮನ್, ರಶಿಯನ್, ಜಪಾನೀ ಭಾಷೆಗಳವರು ಅದನ್ನು ಹಾಗೆಯೇ ಎತ್ತಿಕೊಂಡರು.

(ಯಾರ್ಕ್‌ಶೈರಿನ ಕ್ರಿಕೆಟ್ ಆಟಗಾರ ಜೆಫ್ರಿ ಬಾಯ್ಕಾಟನಿಗೂ ಈ ಶಬ್ದದ ಹುಟ್ಟಿಗೂ ಸಂಬಂಧವಿಲ್ಲ, ಆತನಿಗಿಂತ ಶಬ್ದವೇ 60 ವರ್ಷ ಹಿರಿಯದು. ಆದರೆ ವಿನೋದವೇನೆಂದರೆ, ವರ್ಣದ್ವೇಷದ ದಕ್ಷಿಣ ಆಫ್ರಿಕವನ್ನು ಜಗತ್ತಿನ ಕ್ರೀಡಾಳುಗಳು ಬಾಯ್ಕಾಟ್ ಮಾಡಿದ್ದಾಗ 1982ರಲ್ಲಿ ಅದನ್ನು ಮುರಿದು ಅಲ್ಲಿಗೆ ಆಡಲಿಕ್ಕೆ ಹೋಗಿ ಮೂರು ವರ್ಷ ನಿಷೇಧಕ್ಕೆ ಗುರಿಯಾದವರಲ್ಲಿ ಈ ಬಾಯ್ಕಾಟನೂ ಒಬ್ಬ.)

ರೆಡ್‌ಪಾತನ ಮಾತಿನಲ್ಲಿ ಅಡಗಿದ ಸೂಕ್ಷ್ಮವನ್ನು ನಾವು ಮುಖ್ಯವೆಂದು ಎಣಿಸುತ್ತೇವೆ. ಹೊರಗೆ ಹಾಕುವದೆಂಬ ಅರ್ಥದ ಶಬ್ದ ಅವನಲ್ಲಿ ಇತ್ತು. ಅದನ್ನು ಅವನು ಬೇಕೆಂದೇ ಬದಿಗಿಟ್ಟನು. ಮಠವೋ ಸಮಾಜವೋ ತನ್ನ ಬಲದಿಂದ ಒಬ್ಬನನ್ನು ಹೊರಗೆ ನೂಕುವದು ಒಂದು. ಬಲವಿಲ್ಲದವರು ಬಲಿಷ್ಠನಿಗೆ ತಮ್ಮ ದುಡಿಮೆಯನ್ನು ಕೊಡದಿರುವದು ಇನ್ನೊಂದು. ಎರಡಕ್ಕೂ ಒಂದೇ ಹೆಸರಾಗಬಾರದೆಂದು ಅವನು ಹೊಸ ಶಬ್ದವನ್ನು ಹುಡುಕಿದನು. ಆದರೆ ಶಬ್ದವು ಅವನ ಅಂಕೆಯಲ್ಲಿ ಉಳಿಯಲಿಲ್ಲ. ಐರ್ಲಂಡದಲ್ಲಿಯೇ ಕೆಲವು ವರ್ಷಗಳಲ್ಲಿ ಒಡೆಯನಿಗೆ ಗೇಣಿ ಕೊಟ್ಟ ಬಡ ಒಕ್ಕಲಿಗನಿಗೂ, ಅವನಿಗೆ ರೊಟ್ಟಿ ಮಾರಿದ ಅಂಗಡಿಕಾರನಿಗೂ ಅದೇ ಗತಿಯನ್ನು ತರಲಾಯಿತು. ಅದಕ್ಕೂ 'ಬಾಯ್ಕಾಟ್' ಎಂದೇ ಹೆಸರಾಯಿತು. ಇಂಥ ಕೂಟಗಳನ್ನು ಶಿಕ್ಷಾರ್ಹ ಮಾಡುವ ಕಾಯದೆಯನ್ನು ಬ್ರಿಟಿಶ್ ಪಾರ್ಲಮೆಂಟು 1887ರಲ್ಲಿ ತಂದಿತು. ಆ ಕಾಯದೆಯ ಹೇತುವು ದುಷ್ಟವಾಗಿದ್ದರೂ ಅದಕ್ಕೆ ನೆವವನ್ನು ಒದಗಿಸಿದವರು ಶಬ್ದದ ಎರಡು ಅರ್ಥಗಳನ್ನು ಕಲಸಿದವರೇ.

ಹಿಂದುಸ್ಥಾನಕ್ಕೆ ಈ ಶಬ್ದವು 1905ರಲ್ಲಿ ಗುಡುಗಿನಂತೆ ಬಂದಿತು. ಕರ್ಝನ್ನನು ಬಂಗಾಲವನ್ನು ಒಡೆದನು; ಆಗಸ್ಟ 7ರಂದು ಕಲಕತ್ತೆಯ ಟೌನ್ ಹಾಲಿನ ಸಭೆಯಲ್ಲಿ ಬ್ರಿಟಿಶ್ ಮಾಲನ್ನು ಬಾಯ್ಕಾಟ್ ಮಾಡುವ ನಿರ್ಣಯವಾಯಿತು. ಲೋಕಮಾನ್ಯ ಟಿಳಕರ ಪಕ್ಷದವರು ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣವೆಂಬ ಚತುಃಸೂತ್ರಿಯನ್ನು ಸಾರಿದರು. 'ಬಾಯ್ಕಾಟ್' ಇಲ್ಲಿ 'ಬಹಿಷ್ಕಾರ'ವಾಯಿತು. ಬಹಿಸ್ ಎಂದರೆ ಹೊರಗೆ. ಬಹಿಷ್ಕಾರವೆಂದರೆ ಹೊರಗೆ ಮಾಡುವದು. ಧರ್ಮಶಾಸ್ತ್ರದ ಪೋಥಿಗಳಲ್ಲಿಯೂ ಜಾತಿಪಂಚಾಯತಿಗಳ ತೀರ್ಪುಗಳಲ್ಲಿಯೂ ಬಳಕೆಯಾಗಿ ಸವೆದ ಶಬ್ದವಿದು. ಕುಲದಿಂದ ಹೊರಗಿಡುವದು, ಬೆಂಕಿ ನೀರು ಕೊಡದಿರುವದು, ಅಗಸ ಕ್ಷೌರಿಕರನ್ನು ತಡೆಯುವದು, ಹೆಣಕ್ಕೆ ಹೆಗಲು ಕೊಡದಿರುವದು ಇವೆಲ್ಲ ಅದರ ಹೊಟ್ಟೆಯಲ್ಲಿದ್ದ ಅರ್ಥಗಳು. ವಿಧವೆಯನ್ನು ಮದುವೆಯಾದವನಿಗೂ, ಸಮುದ್ರ ದಾಟಿದವನಿಗೂ, ಕೀಳೆನಿಸಿದವರೊಡನೆ ಉಂಡವನಿಗೂ ಈ ಶಿಕ್ಷೆಯಿತ್ತು. ಐರಿಶ್ ಪಾದ್ರಿಯ ಮೇಜಿನ ಬಳಿ ಯಾವ ಶಬ್ದವನ್ನು ಬೇಡವೆಂದು ತಳ್ಳಿದ್ದರೋ ಅದರ ಸೋದರನನ್ನೇ ನಾವು ಭಾಷಾಂತರವೆಂದು ತಂದು ಗದ್ದುಗೆಯ ಮೇಲೆ ಕೂರಿಸಿದೆವು. ಮ್ಯಾಂಚೆಸ್ಟರಿನ ಬಟ್ಟೆಗೆ ಬಹಿಷ್ಕಾರವೆಂದಾಗ ಅದು ರೂಪಕವಾಗಿ ಶೋಭಿಸಿತು; ಬಟ್ಟೆಗೆ ಹಸಿವೆ ನೀರಡಿಕೆಗಳಿಲ್ಲವಷ್ಟೆ! ಮನುಷ್ಯನಿಗೆ ಅನ್ವಯಿಸಿದಾಗ ರೂಪಕವು ಅಳಿದು ಹಳೆಯ ಶಿಕ್ಷೆಯೇ ತಲೆಯೆತ್ತುತ್ತದೆ.

ಈ ಶಬ್ದದ ಬಗ್ಗೆ ಹಿಂಜರಿದವರು ಅಂಜುಬುರುಕರಷ್ಟೇ ಅಲ್ಲ. 1905ರ ಕಾಶಿಯ ಕಾಂಗ್ರೆಸ್ಸಿನ ಅಧ್ಯಕ್ಷ ಭಾಷಣದಲ್ಲಿ ಗೋಖಲೆಯವರು, ಬಾಯ್ಕಾಟ್ ಶಬ್ದಕ್ಕೆ ಅದರ ಹುಟ್ಟಿನಿಂದಲೇ ಒಂದು ಕಹಿ ವಾಸನೆ ಅಂಟಿದೆ, ಇನ್ನೊಬ್ಬನಿಗೆ ಹಾನಿ ಮಾಡಬೇಕೆಂಬ ದ್ವೇಷವೇ ಅದರಲ್ಲಿ ಮೊದಲು ಎದ್ದು ಕಾಣುತ್ತದೆ ಎಂಬರ್ಥದ ಮಾತನ್ನಾಡಿ 'ಸ್ವದೇಶಿ' ಶಬ್ದವೇ ಲೇಸೆಂದರು. ಮವಾಳರ ಮಾತು, ಬಿಡಿ ಎಂದು ಕೆಲವರು ಅಂದಾರು. ಹಾಗಾದರೆ ಗಾಂಧೀಜಿಯವರನ್ನು ನೋಡೋಣ. 1919ರ ನವೆಂಬರದಲ್ಲಿ ದಿಲ್ಲಿಯಲ್ಲಿ ಖಿಲಾಫತ್ ಪರಿಷತ್ತು ಕೂಡಿತ್ತು. ಮೌಲಾನಾ ಹಸರತ್ ಮೊಹಾನಿಯವರು ಬ್ರಿಟಿಶ್ ಮಾಲಿನ ಬಾಯ್ಕಾಟಿಗೆ ಪಟ್ಟುಹಿಡಿದಿದ್ದರು. ಗಾಂಧೀಜಿಯವರು ಅದನ್ನು ಒಪ್ಪಲಿಲ್ಲ. ತಮ್ಮ ಮನಸ್ಸಿನಲ್ಲಿದ್ದ ಹೊಸ ಕಲ್ಪನೆಗೆ ಹಿಂದಿಯಲ್ಲಿಯಾಗಲಿ ಉರ್ದುವಿನಲ್ಲಿಯಾಗಲಿ ತಕ್ಕ ಶಬ್ದ ತೋಚದೆ, ಕೊನೆಗೆ 'ನಾನ್-ಕೋಆಪರೇಶನ್' ಎಂಬ ಇಂಗ್ಲಿಷ್ ಶಬ್ದವನ್ನೇ ಸಭೆಯ ಮುಂದಿಟ್ಟರೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ನಮ್ಮ 'ಅಸಹಕಾರ'ದ ಹುಟ್ಟೂ ಹೀಗೆ ಶಬ್ದವೊಂದರ ಅಭಾವದಿಂದಲೇ ಆದದ್ದು.

ಅಸಹಕಾರಿತೆಯ ಆವೇಶದಲ್ಲಿ ಕೆಲವು ಕಡೆ ಸರಕಾರದ ಪಕ್ಷದವರಿಗೆ ಊರ ನೀರು ನಿಲ್ಲಿಸುವ ಮಾತು ಎದ್ದಾಗ, 1921ರಲ್ಲಿ 'ಯಂಗ್ ಇಂಡಿಯಾ'ದಲ್ಲಿ ಗಾಂಧೀಜಿಯವರು ಅದನ್ನು ಕಟುವಾಗಿ ಖಂಡಿಸಿದರು. ಮತಭೇದಕ್ಕಾಗಿ ಅನ್ನ ನೀರು ತಡೆಯುವದು ಅಹಿಂಸೆಗೆ ಸಂಪೂರ್ಣ ವಿರುದ್ಧವೆಂಬದು ಅವರ ನಿಲುವು. ಪದವಿ, ಶಾಲೆ, ಕೋರ್ಟು, ಪರದೇಶೀ ಬಟ್ಟೆ ಇವುಗಳನ್ನು ಬಿಡಿರೆಂದು ಅವರು ಕರೆಕೊಟ್ಟರೇ ಹೊರತು, ಅವುಗಳನ್ನು ಬಿಡದ ಮನುಷ್ಯನ ಬಾಗಿಲಿಗೆ ಮುಳ್ಳು ಬಡಿಯಿರೆನ್ನಲಿಲ್ಲ.

ಮೂರನೆಯ ಸಾಕ್ಷಿಯು ನಮ್ಮ ದೇಶದವನಲ್ಲ. ಅಮೇರಿಕದ ಮಾಂಟ್‌ಗಮರಿ ಪಟ್ಟಣದಲ್ಲಿ ಬಿಳಿಯರಿಗೆ ಬಸ್ಸಿನ ಆಸನ ಬಿಡಬೇಕೆಂಬ ಅನ್ಯಾಯದ ವಿರುದ್ಧ ಕರಿಯ ಜನರು 1955ರ ಡಿಸೆಂಬರ 5ರಿಂದ 381 ದಿನ ಬಸ್ಸು ಹತ್ತಲಿಲ್ಲ. ಜಗತ್ತೆಲ್ಲ ಅದನ್ನು ಬಸ್ ಬಾಯ್ಕಾಟ್ ಎಂದಿತು. ಆದರೆ ಅದರ ನಾಯಕ ಮಾರ್ಟಿನ್ ಲೂಥರ್ ಕಿಂಗರನ್ನು ಆ ಹೆಸರೇ ಕಾಡಿತು. ಹಕ್ಕು ಕೇಳಿದ ಕರಿಯರಿಗೆ ಕೆಲಸ, ಸಾಲ, ಸಾಮಾನು ಸಿಗದಂತೆ ಮಾಡುವ ಬಿಳಿಯರ ಸಂಘಗಳು ಅದೇ ಪ್ರದೇಶದಲ್ಲಿದ್ದವು. ಅವರು ಮಾಡುವದಕ್ಕೂ ಬಾಯ್ಕಾಟ್ ಎಂದೇ ಹೆಸರು. ಹಾಗಾದರೆ ನಾವೂ ಅವರೂ ಒಂದೇ ಆಯುಧ ಹಿಡಿದೆವೇ? ತಮ್ಮನ್ನು ತಾವೇ ಹೀಗೆ ಪ್ರಶ್ನಿಸಿಕೊಂಡು ಅವರು ಕಂಡ ಉತ್ತರವೇನೆಂದರೆ, ಬಸ್ಸಿನ ಕಂಪನಿಯನ್ನು ಹಾಳುಮಾಡುವದು ತಮ್ಮ ಉದ್ದೇಶವಲ್ಲ; ಕೆಟ್ಟ ವ್ಯವಸ್ಥೆಗೆ ತಾವು ಕೊಡುತ್ತಿದ್ದ ಸಹಕಾರವನ್ನು ಹಿಂತೆಗೆದುಕೊಳ್ಳುವದಷ್ಟೇ. ಅಲ್ಲಿಂದ ಮುಂದೆ ತಾವು ಬಾಯ್ಕಾಟ್ ಶಬ್ದವನ್ನು ಅಪರೂಪಕ್ಕೆ ಬಳಸಿದೆವೆಂದು 1958ರ ಪುಸ್ತಕದಲ್ಲಿ ಅವರು ಹೇಳಿದ್ದಾರೆ.

ಈ ಮೂವರೂ ಯಾವ ಕೂದಲೆಳೆಯನ್ನು ಸೀಳುತ್ತಿದ್ದರೋ ಅದು ಬರಿಯ ವ್ಯಾಕರಣವಲ್ಲವೆಂಬದಕ್ಕೆ ನಮ್ಮ ನಾಡಿನದೇ ದೃಷ್ಟಾಂತವಿದೆ. 1930ರಿಂದ 1932ರ ವರೆಗಿನ ಕರನಿರಾಕರಣೆಯಲ್ಲಿ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರ ಸೀಮೆಯ ರೈತರು ಸರಕಾರಕ್ಕೆ ತೆರಿಗೆ ಕೊಡಲಿಲ್ಲ. ಹೊಲ, ತೋಟ, ಪಾತ್ರೆ, ದನಕರು ಜಪ್ತಿಯಾದವು. ಜಪ್ತಿಯ ಆಸ್ತಿಯನ್ನು ಲಿಲಾವಿನಲ್ಲಿ ಕೊಂಡವರೂ ಇದ್ದರು. ಎನ್ನಿಸ್ ಸಭೆಯಲ್ಲಿ ಪಾರ್ನೆಲ್ ಎತ್ತಿದ ಪ್ರಶ್ನೆಯೇ ಇಲ್ಲಿ ಅಕ್ಷರಶಃ ಎದುರಾಯಿತು: ನೆರೆಯವನು ಕಳೆದುಕೊಂಡ ಹೊಲವನ್ನು ಕೊಂಡವನನ್ನು ಏನು ಮಾಡಬೇಕು? ಸಿದ್ದಾಪುರ ತಾಲೂಕಿನ ಹೆಣ್ಣುಮಕ್ಕಳು ಮಾವಿನಗುಂಡಿಯಲ್ಲಿ ಅದಕ್ಕೆ ಕೊಟ್ಟ ಉತ್ತರ ಬೇರೆಯಾಗಿತ್ತು. ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಆ ಮನೆಯವರ ಅನ್ನವನ್ನು ತಡೆಯಲಿಲ್ಲ, ತಮ್ಮ ಅನ್ನವನ್ನು ಬಿಟ್ಟರು. ಕಾಂಗ್ರೆಸ್ ಮಂತ್ರಿಮಂಡಲವು 1937ರಲ್ಲಿ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದಮೇಲೆ ಜಪ್ತಿಯ ಭೂಮಿಗಳನ್ನು ಮೊದಲಿನ ಒಡೆಯರಿಗೆ ಮರಳಿಸುವ ಕಾಯದೆಯಾಯಿತು. ಮೇಯೋ ಪ್ರಾಂತದ ಹೆಂಗಸರ ಕೆಸರಿನ ಕಥೆ ಇಡಿಯ ಜಗತ್ತಿಗೆ ಗೊತ್ತು. ಮಾವಿನಗುಂಡಿಯ ಉಪವಾಸವು ನಮ್ಮ ಶಾಲೆಯ ಪುಸ್ತಕಗಳಲ್ಲಿ ಒಂದು ಸಾಲಿಗೆ ಮುಗಿಯುವದುಂಟು, ಆ ಸಾಲೂ ಇಲ್ಲದಿರುವದುಂಟು.

ಆದರೆ ಇದೇ ಮುಂಬಯಿ ಇಲಾಖೆಯಲ್ಲಿ, ಅಂದರೆ ಆಗ ಬೆಳಗಾವಿ ಧಾರವಾಡ ವಿಜಾಪುರ ಕಾರವಾರಗಳೂ ಸೇರಿದ್ದ ಇಲಾಖೆಯಲ್ಲಿ, ಅದೇ ವರ್ಷಗಳಲ್ಲಿ 'ಬಹಿಷ್ಕಾರ'ಕ್ಕೆ ಇನ್ನೊಂದು ಮುಖವಿತ್ತು. ಡಾಕ್ಟರ್ ಅಂಬೇಡಕರರು 1924ರಲ್ಲಿ ಸ್ಥಾಪಿಸಿದ ಸಂಸ್ಥೆಯ ಹೆಸರು ಬಹಿಷ್ಕೃತ ಹಿತಕಾರಿಣೀ ಸಭಾ. 1927ರಲ್ಲಿ ಆರಂಭಿಸಿದ ಪತ್ರಿಕೆಯ ಹೆಸರು 'ಬಹಿಷ್ಕೃತ ಭಾರತ'. ದೇಶವೆಲ್ಲ ಬಹಿಷ್ಕಾರವನ್ನು ವೀರಶಬ್ದವಾಗಿ ಜಯಘೋಷದಲ್ಲಿ ಕೂಗುತ್ತಿದ್ದಾಗ, ಆ ಶಬ್ದದ ಪೆಟ್ಟು ತಿಂದ ಜನರು ಅದನ್ನೇ ತಮ್ಮ ಹೆಸರಾಗಿ ಧರಿಸಿದರು. ನೋಡುವವರಿಗೆ ಇದಕ್ಕಿಂತ ದೊಡ್ಡ ಶಬ್ದಕೋಶ ಬೇಕೆ?

ದಲಿತವರ್ಗಗಳ ಸ್ಥಿತಿಯನ್ನು ವಿಚಾರಿಸಲು ಮುಂಬಯಿ ಸರಕಾರವು ನೇಮಿಸಿದ ಸ್ಟಾರ್ಟ್ ಸಮಿತಿಯು 1930ರಲ್ಲಿ ವರದಿಯೊಪ್ಪಿಸಿತು. ಅಂಬೇಡಕರರೂ ಅದರ ಸದಸ್ಯರು. ದಾರಿಯಲ್ಲಿ ನಡೆಯಗೊಡದಿರುವದು, ಅಂಗಡಿಯವನು ಜೀವನಾವಶ್ಯಕ ಸಾಮಾನು ಮಾರದಿರುವದು ಮೊದಲಾದ ಸಂಗತಿಗಳನ್ನು ಹೇಳಿ, ಬಹಿರಂಗ ಹೊಡೆತ ಬಡಿತಕ್ಕಿಂತಲೂ ಈ ಸಾಮಾಜಿಕ ಬಹಿಷ್ಕಾರವು ಭೀಕರವೆಂದು ಸಮಿತಿ ಅಭಿಪ್ರಾಯಪಟ್ಟಿತು. ಏಕೆಂದರೆ, ಕೊಡುವದು ಬಿಡುವದು ಅವರವರ ಇಚ್ಛೆಯೆಂಬ ಕರಾರಿನ ಸ್ವಾತಂತ್ರ್ಯದ ಮುಸುಕಿನಲ್ಲಿ ಅದು ಕಾಯದೆಗೆ ಒಪ್ಪಿದ ಕೃತ್ಯದಂತೆ ತೋರುತ್ತದೆ! ಅದೇ ವರ್ಷ ದುಂಡುಮೇಜಿನ ಪರಿಷತ್ತಿಗೆ ಹೋದ ಅಂಬೇಡಕರರೂ ರಾವ್ ಬಹಾದ್ದೂರ್ ಶ್ರೀನಿವಾಸನ್ನರೂ ಇಂಥ ಬಹಿಷ್ಕಾರವನ್ನು ಶಿಕ್ಷಾರ್ಹ ಮಾಡಬೇಕೆಂದು ಕೇಳಿದರು. ಅಪರಾಧದ ವ್ಯಾಖ್ಯೆಯನ್ನು ಅವರು ತೆಗೆದುಕೊಂಡದ್ದು ಎಲ್ಲಿಂದ? ಬ್ರಿಟಿಶರು 1922ರಲ್ಲಿ ಬರ್ಮಾದಲ್ಲಿ ತಂದ ಬಹಿಷ್ಕಾರವಿರೋಧಿ ಕಾಯದೆಯಿಂದ. ಪರಕೀಯ ಸರಕಾರವು ತನ್ನ ಹಿಡಿತದ ರಕ್ಷಣೆಗಾಗಿ ಮಾಡಿದ ಕಾಯದೆಯ ಭಾಷೆಯನ್ನು ಅವರು ಊರಾಚೆಯ ಕೇರಿಯ ರಕ್ಷಣೆಗೆ ತಿರುಗಿಸಿದರು. ವಕೀಲರಾದ ನಮಗೆ ಆ ಚಾತುರ್ಯವನ್ನು ಮೆಚ್ಚದೆ ಇರಲಾಗದು.

ಕಾಯದೆಯು ಇಲ್ಲಿ ಕಾಲೆಳೆಯುತ್ತ ನಡೆದಿದೆಯೆಂದೇ ಹೇಳಬೇಕು. 1850ರ ಕಾಯದೆಯು ಜಾತಿಯಿಂದ ಹೊರಗಾದವನ ಆಸ್ತಿಯ ಹಕ್ಕನ್ನು ಉಳಿಸಿತು, ನೀರನ್ನು ಉಳಿಸಲಿಲ್ಲ. ಮುಂಬಯಿಯ 1949ರ ಬಹಿಷ್ಕಾರ ನಿವಾರಣ ಕಾಯದೆಯನ್ನು ಸುಪ್ರೀಮ್ ಕೋರ್ಟು 1962ರಲ್ಲಿ, ದಾವೂದೀ ಬೋಹರಾ ಪಂಥದ ಧರ್ಮಗುರುಗಳ ಖಟ್ಲೆಯಲ್ಲಿ, ಧಾರ್ಮಿಕ ಸ್ವಾತಂತ್ರ್ಯಕ್ಕೆ ಬಾಧಕವೆಂದು ತೆಗೆದುಹಾಕಿತು. ಅಸ್ಪೃಶ್ಯತೆಯ ಕಾರಣದಿಂದ ಮಾಡಿದ ಬಹಿಷ್ಕಾರವು 1955ರ ನಾಗರಿಕ ಹಕ್ಕುಗಳ ಕಾಯದೆಯಲ್ಲಿ ಅಪರಾಧವಾಗಿದೆ. 1989ರ ದೌರ್ಜನ್ಯ ತಡೆ ಕಾಯದೆಗೆ 2015ರಲ್ಲಿ ತಿದ್ದುಪಡಿಯಾಗಿ 'ಸಾಮಾಜಿಕ ಬಹಿಷ್ಕಾರ', 'ಆರ್ಥಿಕ ಬಹಿಷ್ಕಾರ' ಎರಡಕ್ಕೂ ಸ್ಪಷ್ಟ ವ್ಯಾಖ್ಯೆ ಬಂದಿತು. ಬಹಿಷ್ಕಾರ ಹಾಕಿದರೂ ಹಾಕುವೆನೆಂದು ಬೆದರಿಸಿದರೂ ಆರು ತಿಂಗಳಿಂದ ಐದು ವರ್ಷದ ವರೆಗೆ ಶಿಕ್ಷೆ. ಜಾತಿಪಂಚಾಯತಿಗಳ ಹಾವಳಿಗೆ ಬೇಸತ್ತ ಮಹಾರಾಷ್ಟ್ರವು 2016ರಲ್ಲಿ, ಯಾವ ಜಾತಿಯವನಿಗೇ ಆಗಲಿ ಬಹಿಷ್ಕಾರ ಹಾಕುವದನ್ನು ತಡೆಯುವ ಪ್ರತ್ಯೇಕ ಶಾಸನ ಮಾಡಿತು.

ಇಷ್ಟಾದರೂ ಕೋರ್ಟಿನಲ್ಲಿ ಸಿದ್ಧ ಮಾಡುವದು ಸುಲಭವಲ್ಲ. ನಾನು ಅವನನ್ನು ಹೊಡೆದೆನೇ? ಬೈದೆನೇ? ನನ್ನ ಅಂಗಡಿಯಲ್ಲಿ ಸಕ್ಕರೆ ತೀರಿತ್ತು, ನನ್ನ ಹೊಲದಲ್ಲಿ ಕೆಲಸವಿರಲಿಲ್ಲ, ನನಗೆ ಮಾತಾಡುವ ಮನಸ್ಸಿರಲಿಲ್ಲ. ಆರೋಪಿಯ ಬಾಯಲ್ಲಿ ಈ ಮಾತುಗಳು ಬಹು ಸಾಧುವಾಗಿ ಕೇಳಿಸುತ್ತವೆ. ಒಬ್ಬೊಬ್ಬನದಾಗಿ ನೋಡಿದರೆ ಅವೆಲ್ಲ ಸ್ವಾತಂತ್ರ್ಯವೇ ಹೌದು. ಊರಿನ ಎಲ್ಲ ಅಂಗಡಿಗಳಲ್ಲಿಯೂ ಒಂದೇ ದಿನ, ಒಂದೇ ಕೇರಿಯವರಿಗೆ ಮಾತ್ರ, ಸಕ್ಕರೆ ತೀರಿದಾಗ ಅದರ ಬಣ್ಣ ಹೊರಬೀಳುತ್ತದೆ. ಈ ಹೊತ್ತಿನಲ್ಲಿಯೇ ನಮ್ಮ ಶಬ್ದವು ಆರೋಪಿಯ ಕೈ ಹಿಡಿಯುತ್ತದೆ. ಗಾಂಧೀಜಿಯವರೂ ಬಹಿಷ್ಕಾರ ಮಾಡಲಿಲ್ಲವೇ, ಸೈಮನ್ ಕಮಿಶನ್ನಿಗೆ 1928ರಲ್ಲಿ ದೇಶವೇ ಬಹಿಷ್ಕಾರ ಹಾಕಲಿಲ್ಲವೇ ಎಂದು ಊರ ಹಿರಿಯನೊಬ್ಬನು ಕೇಳಿದರೆ, ಬಹಿಷ್ಕಾರವೆಂದರೆ ಶಾಂತವಾದ ಪ್ರತಿಭಟನೆಯೆಂದು ಪತ್ರಿಕೆಯಿಂದ ಕಲಿತ ಜನರು ತಲೆದೂಗುತ್ತಾರೆ. ಪ್ರಜಾಪ್ರಭುತ್ವದ ಹೊಳಪು ಜಾತಿಯ ಕತ್ತಿಗೆ ಹತ್ತುತ್ತದೆ.

ಹಾಗಾದರೆ ಭೇದವನ್ನು ಗುರುತಿಸುವದು ಹೇಗೆ? ನಮಗೆ ತೋಚುವ ಪರೀಕ್ಷೆ ಸರಳವಾದದ್ದು: ನಷ್ಟದ ಬಾಬತ್ತು 'ಯಾರ ಖಾತೆಗೆ' ಬಿದ್ದಿತು? ಮಾಂಟ್‌ಗಮರಿಯ ಜನರು ಮೈಲುಗಟ್ಟಲೆ ನಡೆದರು. 1920–21ರಲ್ಲಿ ಕೋರ್ಟುಗಳನ್ನು ಬಿಟ್ಟ ಮೋತಿಲಾಲ ನೆಹರೂ, ಚಿತ್ತರಂಜನ ದಾಸ ಮೊದಲಾದವರೂ, ನಮ್ಮ ಮಂಗಳೂರಿನ ಕಾರ್ನಾಡ ಸದಾಶಿವರಾಯರೂ ತಮ್ಮ ಗಳಿಕೆಯನ್ನೇ ಕಳೆದುಕೊಂಡರು; ಸದಾಶಿವರಾಯರಂತೂ ಆಸ್ತಿಯನ್ನೆಲ್ಲ ದೇಶಕಾರ್ಯಕ್ಕೆ ಸುರಿದು 1937ರಲ್ಲಿ ಬಡವರಾಗಿ ತೀರಿಕೊಂಡರು. ಈಗ ನಮ್ಮ ವೃತ್ತಿಬಾಂಧವರು 'ಕಲಾಪ ಬಹಿಷ್ಕಾರ'ವೆಂದು ಒಂದು ದಿನ ಕೋಟು ಕಳಚಿ ಹೊರಗೆ ನಿಲ್ಲುವಾಗ ನಷ್ಟ ಬೀಳುವದು ಜೇಲಿನಲ್ಲಿ ಜಾಮೀನಿಗೆ ಕಾದಿರುವವನಿಗೆ. ವಕೀಲರಿಗೆ ಇಂಥ ಬಹಿಷ್ಕಾರದ ಹಕ್ಕಿಲ್ಲವೆಂದು ಸುಪ್ರೀಮ್ ಕೋರ್ಟು 2002ರಲ್ಲಿ ಹರೀಶ್ ಉಪ್ಪಲ್ ಖಟ್ಲೆಯಲ್ಲಿ ತೀರ್ಪಿತ್ತಿದೆ. ತೀರ್ಪು ಬಂದಮೇಲೂ ಬಾರ್ ಸಂಘಗಳ ಫಲಕದ ಮೇಲೆ ಆ ಸೀಮೆಸುಣ್ಣದ ಅಕ್ಷರಗಳು ಅಳಿದುಹೋಗಿಲ್ಲ. ಮತದಾನದ ವಿಷಯವು ಇನ್ನೂ ತೊಡಕಿನದು. 2024ರ ಏಪ್ರಿಲಿನಲ್ಲಿ ಚಾಮರಾಜನಗರ ಜಿಲ್ಲೆಯ ಇಂಡಿಗನತ್ತ ಗ್ರಾಮದವರು ಮೂಲಸೌಕರ್ಯವಿಲ್ಲವೆಂದು ಮತದಾನದಿಂದ ದೂರ ನಿಂತಾಗ ನಷ್ಟ ಅವರದೇ ಆಗಿತ್ತು. ಮತಗಟ್ಟೆಯು ಧ್ವಂಸವಾಗುತ್ತಲೇ, ಮತ ಹಾಕಲಿಚ್ಛಿಸುವ ನೆರೆಯವನ ಹಕ್ಕೂ ಆ ಖಾತೆಗೆ ಸೇರಿಹೋಯಿತು. 29ರಂದು ಮರುಮತದಾನ ಮಾಡಿಸಬೇಕಾಯಿತು. ಚಿತ್ರವನ್ನು ನೋಡದಿರುವವನ ಬಗ್ಗೆ ನಮ್ಮ ತಕರಾರಿಲ್ಲ. ನೋಡಹೊರಟವನನ್ನು ಥಿಯೇಟರಿನ ಬಾಗಿಲಲ್ಲಿ ತಡೆಯುವವನು ಬೇರೆ ಗಿರಾಕಿ.

ಶಾಲೆಯ ಗುರುಗಳಿಗೂ ಪತ್ರಿಕೆಯ ಉಪಸಂಪಾದಕರಿಗೂ ನಮ್ಮದೊಂದು ಸೂಚನೆಯಿದೆ. ಕನ್ನಡಕ್ಕೆ ಶಬ್ದದಾರಿದ್ರ್ಯವಿಲ್ಲ. ಮಾಲನ್ನು ಕೊಳ್ಳದಿರುವದಕ್ಕೆ 'ವರ್ಜನ'ವೆನ್ನಬಹುದು. ಮದ್ಯವರ್ಜನ ಶಿಬಿರಗಳಿಂದಾಗಿ ಆ ಶಬ್ದವು ಹಳ್ಳಿಯ ಹೆಂಗಸರ ನಾಲಿಗೆಯ ಮೇಲೂ ಇದೆ. ಮತ ಹಾಕದಿರುವದಕ್ಕೆ 'ಮತ ನಿರಾಕರಣೆ', ಕರನಿರಾಕರಣೆಯ ಅಚ್ಚಿನಲ್ಲಿಯೇ ಎರಕ ಹೊಯ್ದದ್ದು. ಸಭೆಯಿಂದ ಎದ್ದುಹೋಗುವದಕ್ಕೆ ಸಭಾತ್ಯಾಗವೆಂದು ಶಾಸನಸಭೆಯ ವರದಿಗಾರರು ಬರೆಯುತ್ತಲೇ ಇದ್ದಾರೆ. ಅನ್ಯಾಯದ ವ್ಯವಸ್ಥೆಗೆ ಕೈಗೂಡದಿರುವದಕ್ಕೆ 'ಅಸಹಕಾರ'ವು ಪರಿಶ್ರಮದಿಂದ ಗಳಿಸಿದ ಶಬ್ದ; ಅದನ್ನು ಇತಿಹಾಸದ ಪಾಠಕ್ಕೆ ಮಾತ್ರ ಮೀಸಲಿಟ್ಟದ್ದು ಅನ್ಯಾಯ. ಕ್ರಿಕೆಟ್ಟಿಗೂ ಚಿತ್ರಕ್ಕೂ ಬೇಕಾದವರು 'ಬಾಯ್ಕಾಟ್' ಎಂದೇ ಬರೆಯಲಿ. ನಮ್ಮ ಜನ ಆ ಶಬ್ದವನ್ನು ಬಲ್ಲರು, ಕ್ಯಾಪ್ಟನ್ನನಿಗೂ ಆಕ್ಷೇಪಣೆಯಿರಲಿಕ್ಕಿಲ್ಲ. ಅವನು ಸಫೋಕ್ ಸೀಮೆಯ ಫ್ಲಿಕ್ಸ್‌ಟನ್ ಎಂಬಲ್ಲಿ 1897ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಹೆಸರು ಅವನ ಕೈಬಿಟ್ಟು ಬಹಳ ದೂರ ಹೋಗಿತ್ತು.

'ಬಹಿಷ್ಕಾರ'ವನ್ನು ಮಾತ್ರ ಅದರ ಮೂಲಾರ್ಥಕ್ಕೆ, ಅಂದರೆ ಮನುಷ್ಯರನ್ನು ಹೊರಗೆ ಹಾಕುವ ಕೃತ್ಯಕ್ಕೆ, ಬಿಟ್ಟುಕೊಡಬೇಕು. ಕಾಯದೆಯ ಪುಸ್ತಕದಲ್ಲಿ ಅದು ಅಪರಾಧದ ಹೆಸರು. ಪತ್ರಿಕೆಯಲ್ಲಿಯೂ ಹಾಗೆಯೇ ಅಚ್ಚಾಗಲಿ. ಆಗ 'ದಲಿತ ಕುಟುಂಬಗಳಿಗೆ ಬಹಿಷ್ಕಾರ' ಎಂಬ ಸುದ್ದಿಯು ದರೋಡೆ, ಕೊಲೆಬೆದರಿಕೆಗಳ ಸುದ್ದಿಯ ಪಕ್ಕದಲ್ಲಿ ಕೂರುವದು. ಅದನ್ನು ಓದಿದ ಫೌಜದಾರನು ಎರಡೂ ಕಡೆಯವರನ್ನು ಠಾಣೆಗೆ ಕರೆಸಿ ರಾಜಿ ಮಾಡಿಸಲು ಹವಣಿಸುವ ಮೊದಲು ಫಿರ್ಯಾದಿಯನ್ನು ಬರೆದುಕೊಳ್ಳುವನು.